ಮ್ಯಾಕ್‌ಐಪಿ ಹೆಬ್ಬಾಗಿಲು: ದುಭಾಷಿಯೋ, ಓಲೆಕಾರನೋ?

ಎರಡು ಗಣಕಜಾಲಗಳ ನಡುವೆ ನಿಂತು ಒಂದರ ಮಾತನ್ನು ಮತ್ತೊಂದಕ್ಕೆ ಮುಟ್ಟಿಸುವ ಯಂತ್ರಕ್ಕೆ ‘ಗೇಟ್‌ವೇ’ ಎಂಬ ಹೆಸರು ರೂಢಿಯಾಗಿದೆ. ಇದನ್ನು ಹೆಬ್ಬಾಗಿಲೆಂದು ಕರೆದರೆ ಅರ್ಥಕ್ಕೆ ಬಾಧೆಯೇನೂ ಬಾರದೆಂದು ತೋರುವುದರಿಂದ ಪ್ರಕೃತ ಲೇಖನದಲ್ಲಿ ಎರಡು ಮಾತುಗಳನ್ನೂ ಪರ್ಯಾಯವಾಗಿ ಬಳಸಿದ್ದೇವೆ. ಯಂತ್ರಗಳು ಪರಸ್ಪರ ವ್ಯವಹರಿಸುವಾಗ ಪಾಲಿಸತಕ್ಕ ನಿಯಮಸಮುಚ್ಚಯಕ್ಕೆ ಪ್ರೋಟೋಕಾಲ್ ಎಂದು ಹೆಸರು. ಹೆಬ್ಬಾಗಿಲೆಂಬುದು ಒಂದು ಪ್ರೋಟೋಕಾಲನ್ನು ಮತ್ತೊಂದಕ್ಕೆ ಭಾಷಾಂತರಿಸುವ ಯಂತ್ರವೆಂದು, ಅಂದರೆ ಅದೊಂದು ಬಗೆಯ ದುಭಾಷಿಯೆಂದು, ಸಾಮಾನ್ಯವಾಗಿ ಹೇಳುವ ವಾಡಿಕೆಯುಂಟು. ಈ ಲಕ್ಷಣವು ಎಲ್ಲ ಹೆಬ್ಬಾಗಿಲುಗಳಿಗೂ ಸಲ್ಲುವುದಿಲ್ಲವೆಂಬುದನ್ನೂ, ಸಲ್ಲದಿದ್ದ ಕಡೆಯಲ್ಲಿಯೇ ಹಳೆಯ ಯಂತ್ರಗಳು ಹೆಚ್ಚುಕಾಲ ಬಾಳಿದುವೆಂಬುದನ್ನೂ ಒಂದು ನಿದರ್ಶನದಿಂದ ತೋರಿಸುವುದು ನಮ್ಮ ಉದ್ದೇಶ. ಆ ನಿದರ್ಶನ ಯಾವುದೆಂದರೆ, ಆಪಲ್ ಸಂಸ್ಥೆಯ ಹಳೆಯ ಮ್ಯಾಕಿಂಟಾಷ್ ಯಂತ್ರಗಳಿಗೆ ಇಂಟರ್ನೆಟ್ ಸಂಪರ್ಕವನ್ನೊದಗಿಸಿದ, ಈಗಲೂ ಕೆಲವರ ಮನೆಗಳಲ್ಲಿ ಒದಗಿಸುತ್ತಿರುವ, ಮ್ಯಾಕ್‌ಐಪಿ ಎಂಬ ಏರ್ಪಾಡು.

ಮೊದಲು ಶಬ್ದದ ವಿಚಾರ. ವಿಂಟನ್ ಸರ್ಫ್, ರಾಬರ್ಟ್ ಕಾನ್ ಎಂಬ ಇಬ್ಬರು ವಿದ್ವಾಂಸರು ೧೯೭೪ರ ಮೇ ತಿಂಗಳಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಈ ಪದವು ಪ್ರಧಾನಸ್ಥಾನವನ್ನು ಪಡೆದಿದೆ. ಭಿನ್ನಭಿನ್ನ ಜಾಲಗಳು ತಮ್ಮ ಒಳಗಣ ಪದ್ಧತಿಗಳನ್ನು ಬದಲಾಯಿಸಿಕೊಳ್ಳದೆಯೇ ಒಂದಕ್ಕೊಂದು ಸೇರಬೇಕೆಂಬುದು ಅವರ ಮೂಲಸಂಕಲ್ಪ. ಇದಕ್ಕೆ ಅವರು ಕಂಡ ಉಪಾಯವು ಬಹು ಸರಳವಾದುದು. ಒಳಗೆ ಎಲ್ಲ ಜಾಲಗಳಿಗೂ ಸಮಾನವಾದ ಒಂದು ಮೇಲ್ಬರಹ, ಅದರ ಹೊರಗೆ ಆಯಾ ಜಾಲಕ್ಕೆ ಮಾತ್ರ ತಿಳಿಯುವ ಮತ್ತೊಂದು ಮೇಲ್ಬರಹ. ಹೆಬ್ಬಾಗಿಲು ಹೊರಗಣದನ್ನು ತೆಗೆದುಹಾಕಿ, ಒಳಗಣದನ್ನು ಓದಿ, ಮುಂದಿನ ಜಾಲಕ್ಕೆ ತಕ್ಕ ಹೊಸ ಹೊದಿಕೆಯನ್ನು ತೊಡಿಸಿ ಕಳುಹಿಸುವುದು. ೧೯೭೭ರ ನವೆಂಬರ್ ೨೨ರಂದು ಆರ್ಪಾನೆಟ್ಟು, ಉಪಗ್ರಹದ ಜಾಲ, ರಸ್ತೆಯಲ್ಲಿ ಚಲಿಸುತ್ತಿದ್ದ ಒಂದು ವಾಹನದ ರೇಡಿಯೋ ಜಾಲ ಈ ಮೂರನ್ನೂ ಕೂಡಿಸಿ ಪ್ರಯೋಗ ನಡೆಸಿದಾಗ ದಾರಿಯಲ್ಲಿದ್ದ ಹೆಬ್ಬಾಗಿಲುಗಳು ಮಾಡಿದ್ದು ಇದಿಷ್ಟೇ ಕೆಲಸ. ಅಲ್ಲಿ ದುಭಾಷಿಯು ಎಲ್ಲಿಯೂ ಇಲ್ಲ. ಲಕೋಟೆ ಬದಲಾಯಿಸುವ ಓಲೆಕಾರನಿದ್ದಾನೆ, ಅಷ್ಟೆ. ೧೯೮೧ರ ಸೆಪ್ಟೆಂಬರಿನಲ್ಲಿ ಹೊರಟ ಆರ್.ಎಫ್.ಸಿ. ೭೯೧ ಎಂಬ ಇಂಟರ್ನೆಟ್ ಪ್ರೋಟೋಕಾಲಿನ ಮೂಲಗ್ರಂಥದಲ್ಲಿಯೂ ಗೇಟ್‌ವೇ ಶಬ್ದಕ್ಕೆ ಇದೇ ಅರ್ಥ. ಮುಂದೆ ಈ ಅರ್ಥವನ್ನು ‘ರೌಟರ್’ ಎಂಬ ಮಾತು ಕಿತ್ತುಕೊಂಡಿತು. ಗೇಟ್‌ವೇ ಎಂಬುದು ಭಾಷಾಂತರದ ಕಡೆಗೆ ಸರಿಯಿತು. ಶಬ್ದಾರ್ಥಗಳು ಹೀಗೆ ಪಲ್ಲಟವಾಗುವುದು ನಮ್ಮ ವಾಚಕರಿಗೆ ಹೊಸ ಸಂಗತಿಯಲ್ಲ.

ನಿಜವಾದ ದುಭಾಷಿಗಳೂ ಆ ಕಾಲದಲ್ಲಿದ್ದರು. ಆರ್ಪಾನೆಟ್ಟು ತನ್ನ ಹಳೆಯ ಎನ್.ಸಿ.ಪಿ. ಪ್ರೋಟೋಕಾಲನ್ನು ಬಿಟ್ಟು ೧೯೮೩ರ ಜನವರಿ ೧ರಂದು ಟಿಸಿಪಿ-ಐಪಿಯನ್ನು ಕೈಕೊಂಡಿತು. ಅದಕ್ಕೆ ಮುಂಚಿನ ಸಂಧಿಕಾಲಕ್ಕಾಗಿ ಜಾನ್ ಪೋಸ್ಟೆಲ್ ೧೯೮೧ರ ನವೆಂಬರಿನಲ್ಲಿ ಬರೆದ ಆರ್.ಎಫ್.ಸಿ. ೮೦೧ರಲ್ಲಿ, ಎರಡು ಪ್ರೋಟೋಕಾಲುಗಳನ್ನೂ ಬಲ್ಲ ಕೆಲವು ಯಂತ್ರಗಳು ಮಧ್ಯಸ್ಥರಾಗಿರಬೇಕೆಂದು ಸೂಚಿಸಲಾಗಿದೆ. ಈ ಮಧ್ಯಸ್ಥರು ಟೆಲ್ನೆಟ್, ಕಡತಗಳ ಸಾಗಣೆ, ಅಂಚೆ ಎಂಬ ಒಂದೊಂದು ಸೇವೆಗೂ ಬೇರೆಬೇರೆಯಾಗಿ ಏರ್ಪಾಡು ಮಾಡಿಕೊಳ್ಳಬೇಕಾಗಿತ್ತು. ಹೊಸದೊಂದು ಸೇವೆ ಹುಟ್ಟಿದರೆ ಅದಕ್ಕೆ ಮತ್ತೊಬ್ಬ ದುಭಾಷಿ ಬೇಕು. ಸಂಧಿಕಾಲ ಮುಗಿದೊಡನೆ ಈ ದುಭಾಷಿಗಳ ಕೆಲಸವೂ ಮುಗಿಯಿತು. ಅವರನ್ನು ನಂಬಿಕೊಂಡಿದ್ದ ಹಳೆಯ ಯಂತ್ರಗಳು ಹೊಸ ಭಾಷೆಯನ್ನು ಕಲಿಯಬೇಕಾಯಿತು, ಇಲ್ಲವೆ ಜಾಲದಿಂದ ಹೊರಗುಳಿಯಬೇಕಾಯಿತು.

ಇನ್ನು ಆಪಲ್‌ಟಾಕ್. ಮ್ಯಾಕಿಂಟಾಷ್ ಹೊರಬಂದದ್ದು ೧೯೮೪ರ ಜನವರಿಯಲ್ಲಿ. ಮರುವರ್ಷ ಬೆಲೆಯುಳ್ಳ ಲೇಸರ್‌ರೈಟರ್ ಮುದ್ರಣಯಂತ್ರವನ್ನು ಹಲವು ಯಂತ್ರಗಳು ಹಂಚಿಕೊಳ್ಳಲೆಂದು ಆಪಲ್‌ಟಾಕ್ ಜಾಲವು ಬಳಕೆಗೆ ಬಂದಿತು. ಇದರ ತಂತಿಯ ಭಾಗಕ್ಕೆ ಅನಂತರ ಲೋಕಲ್‌ಟಾಕ್ ಎಂಬ ಪ್ರತ್ಯೇಕ ಹೆಸರಾಯಿತು. ವೇಗವು ಸೆಕೆಂಡಿಗೆ ೨೩೦.೪ ಕಿಲೋಬಿಟ್, ಒಂದು ತಂತಿಗೆ ೩೨ ಯಂತ್ರಗಳವರೆಗೆ, ೩೦೦ ಮೀಟರುಗಳವರೆಗೆ ಎಂಬುದು ಆಪಲ್‌ನವರ ಮಿತಿ. ಇದಕ್ಕೆ ಪ್ರತ್ಯೇಕ ಹಲಗೆಯೇನೂ ಬೇಕಾಗಿರಲಿಲ್ಲ. ಯಂತ್ರದ ಬೆನ್ನಿನಲ್ಲಿದ್ದ ಸೀರಿಯಲ್ ರಂಧ್ರವೇ ಸಾಕಾಗಿತ್ತು. ಆದರೆ ಇದರ ನಿಜವಾದ ವೈಶಿಷ್ಟ್ಯವಿರುವುದು ವೇಗದಲ್ಲಾಗಲಿ ಅಗ್ಗದಲ್ಲಾಗಲಿ ಅಲ್ಲ, ಅದರ ಸಭ್ಯತೆಯಲ್ಲಿ. ಹೊಸದಾಗಿ ಬಂದ ಯಂತ್ರವು ತನಗೊಂದು ಸಂಖ್ಯೆಯನ್ನು ತಾನೇ ಊಹಿಸಿಕೊಂಡು, ‘ಈ ಸಂಖ್ಯೆಯವರು ಯಾರಾದರೂ ಇದ್ದೀರಾ?’ ಎಂದು ಜಾಲದಲ್ಲಿ ಕೇಳುವುದು; ಯಾರಾದರೂ ಓಗೊಟ್ಟರೆ ಬೇರೊಂದನ್ನು ಆರಿಸಿ ಮತ್ತೆ ಕೇಳುವುದು. ಯಾರೂ ಓಗೊಡದಿದ್ದರೆ ಆ ಸಂಖ್ಯೆ ತನ್ನದು. ಸೇವೆಗಳನ್ನು ಹುಡುಕುವುದೂ ಹೀಗೆಯೇ. ಪ್ರತಿಯೊಂದಕ್ಕೂ ಹೆಸರು, ಜಾತಿ, ವಲಯ ಎಂಬ ಮೂರಂಗಗಳ ನಾಮಧೇಯವುಂಟು. ಇವೊಂದೊಂದೂ ೩೨ ಅಕ್ಷರಗಳನ್ನು ಮೀರಬಾರದು. ಇಂಥ ಹೆಸರಿನವರು ಯಾರೆಂದು ಕೂಗಿದರೆ ಉಳ್ಳವರು ತಮ್ಮ ನೆಲೆಯನ್ನು ತಿಳಿಸುವರು. ಶಾನುಭೋಗರಿಲ್ಲದ ಊರು.

ಇಂಟರ್ನೆಟ್ಟಿನ ಊರು ಹಾಗಲ್ಲ. ಅಲ್ಲಿ ಪ್ರತಿ ಯಂತ್ರಕ್ಕೂ ಒಬ್ಬ ಅಧಿಕಾರಿಯು ಲೆಕ್ಕವಿಟ್ಟು ಕೊಟ್ಟ ವಿಳಾಸವಿರಬೇಕು. ೧೯೮೦ರ ದಶಕದ ಮಧ್ಯದಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಈ ಎರಡು ಊರುಗಳೂ ಒಂದೇ ಕಟ್ಟಡದೊಳಗೆ ಬಂದು ಸೇರಿದುವು. ದೊಡ್ಡ ಯೂನಿಕ್ಸ್ ಯಂತ್ರಗಳು ಈಥರ್ನೆಟ್ಟಿನಲ್ಲಿ ಐಪಿಯನ್ನು ಆಡುತ್ತಿದ್ದುವು. ಅಧ್ಯಾಪಕರ ಮೇಜಿನ ಮೇಲಣ ಮ್ಯಾಕಿಂಟಾಷ್‌ಗಳು ಪಕ್ಕದ ಕೊಠಡಿಯ ಮುದ್ರಣಯಂತ್ರದೊಡನೆ ಮಾತ್ರ ಮಾತಾಡಬಲ್ಲುವಾಗಿದ್ದುವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಬಿಲ್ ಕ್ರಾಫ್ಟ್ ಎಂಬವರು ಈ ಕೊರತೆಯನ್ನು ಕಂಡು ‘ಸೀಗೇಟ್’ ಎಂಬ ಹೆಬ್ಬಾಗಿಲನ್ನು ರಚಿಸಿದರು. ಸ್ಟ್ಯಾನ್‌ಫರ್ಡಿನ ಈಥರ್ನೆಟ್ಟಿಗೂ ಆಪಲ್‌ಟಾಕಿಗೂ ನಡುವಣ ಗೇಟ್‌ವೇ ಎಂಬುದರ ಸಂಕ್ಷೇಪವೇ ಆ ಹೆಸರು. ಅದೇ ಹೆಸರಿನ ತಟ್ಟೆತಯಾರಕರಿಗೂ ಇದಕ್ಕೂ ಸಂಬಂಧವಿಲ್ಲ. ಕೈನೆಟಿಕ್ಸ್ ಎಂಬ ಸಂಸ್ಥೆಯು ಫಾಸ್ಟ್‌ಪಾತ್ ಎಂಬ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ಅದರಲ್ಲಿ ನಡೆಯತಕ್ಕ ಕ್ರಾಫ್ಟರ ಕ್ರಮವಿಧಿಗೆ ಕೆ.ಐ.ಪಿ. ಎಂದು ಹೆಸರಾಯಿತು. ಇದೇ ಕ್ರಾಫ್ಟರು ಜಾನ್ ಗಿಲ್ಮೋರರೊಡನೆ ಕೂಡಿ ೧೯೮೫ರ ಸೆಪ್ಟೆಂಬರಿನಲ್ಲಿ ಆರ್.ಎಫ್.ಸಿ. ೯೫೧ ಎಂಬ ಬೂಟ್‌ಪಿ ಗ್ರಂಥವನ್ನು ಬರೆದರು. ತನ್ನ ವಿಳಾಸವನ್ನೇ ಅರಿಯದ ಯಂತ್ರಕ್ಕೆ ವಿಳಾಸವನ್ನು ತಿಳಿಸುವುದು ಹೇಗೆಂಬುದು ಅದರ ವಿಷಯ. ಎರಡು ಕೃತಿಗಳ ಹಿಂದೆಯೂ ಒಂದೇ ಚಿಂತೆಯಿತ್ತೆಂದು ಊಹಿಸಿದರೆ ತಪ್ಪಾಗಲಾರದು.

ಕ್ರಾಫ್ಟರ ಉಪಾಯವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ನಮ್ಮ ವಾದವೆಲ್ಲ ಇಲ್ಲಿಯೇ ಇದೆ. ಹೆಬ್ಬಾಗಿಲು ಆಪಲ್‌ಟಾಕಿನ ಜಾಲದಲ್ಲಿ ‘ಐಪಿಗೇಟ್‌ವೇ’ ಎಂಬ ಜಾತಿಯ ನಾಮಧೇಯದಿಂದ ತನ್ನನ್ನು ಸಾರಿಕೊಳ್ಳುವುದು. ಮ್ಯಾಕಿಂಟಾಷ್ ಆ ಜಾತಿಯವರಾರೆಂದು ತನ್ನ ವಲಯದಲ್ಲಿ ಕೂಗಿ, ಉತ್ತರ ಬಂದ ಕಡೆಗೆ, ೭೨ನೆಯ ಸಾಕೆಟ್ಟಿಗೆ, ವಿಳಾಸವನ್ನು ಬೇಡುವುದು. ಹೆಬ್ಬಾಗಿಲು ತನ್ನ ಉಗ್ರಾಣದಿಂದ ಒಂದು ಐಪಿ ವಿಳಾಸವನ್ನು ಕೊಡುವುದು. ಆಗ ಮ್ಯಾಕಿಂಟಾಷ್ ಮಾಡುವ ಕೆಲಸವು ನಿಜವಾಗಿ ಚಮತ್ಕಾರವುಳ್ಳದ್ದು. ತನಗೆ ದೊರೆತ ಸಂಖ್ಯಾರೂಪದ ವಿಳಾಸವನ್ನು ಅಂಕಿ ಚುಕ್ಕಿಗಳ ಸಹಿತ ಒಂದು ಹೆಸರನ್ನಾಗಿ ಬರೆದುಕೊಂಡು, ‘ಐಪಿಅಡ್ರೆಸ್’ ಎಂಬ ಜಾತಿಯಲ್ಲಿ ಆಪಲ್‌ಟಾಕಿಗೆ ಸಾರುವುದು. ಹೊರಗಿನಿಂದ ಆ ವಿಳಾಸಕ್ಕೆ ಓಲೆ ಬಂದರೆ ಹೆಬ್ಬಾಗಿಲು ‘ಈ ಹೆಸರಿನವರಾರು?’ ಎಂದು ಹಳೆಯ ರೀತಿಯಲ್ಲಿಯೇ ಕೂಗುವುದು, ಯಂತ್ರವು ಓಗೊಡುವುದು. ಆಪಲ್‌ಟಾಕಿಗೆ ಐಪಿಯ ಗಂಧವೇ ಇಲ್ಲ. ಅದರ ದೃಷ್ಟಿಯಲ್ಲಿ ಆ ಅಂಕಿಗಳು ‘ಮೂರನೆಯ ಮಹಡಿಯ ಮುದ್ರಣಯಂತ್ರ’ ಎಂಬಂತೆಯೇ ಒಂದು ಹೆಸರು. ಹೊಸ ವ್ಯವಸ್ಥೆಯ ಸಂಖ್ಯೆಯನ್ನು ಹಳೆಯ ವ್ಯವಸ್ಥೆಯು ಅರ್ಥಮಾಡಿಕೊಳ್ಳದೆಯೇ ಹೊತ್ತುಕೊಂಡಿತು.

ಓಲೆಯ ಸಾಗಣೆಯೂ ಇದೇ ರೀತಿಯದು. ಐಪಿಯ ಪೊಟ್ಟಣವನ್ನು ಒಂದಕ್ಷರವೂ ತಿದ್ದದೆ ಆಪಲ್‌ಟಾಕಿನ ಡಿ.ಡಿ.ಪಿ. ಪೊಟ್ಟಣದೊಳಗೆ ಇಟ್ಟು, ಹೊರಗೆ ‘೨೨ನೆಯ ಬಗೆ’ ಎಂದು ಗುರುತು ಹಾಕಿ ಕಳುಹಿಸುವುದು. ಹೆಬ್ಬಾಗಿಲಿನಲ್ಲಿ ಹೊದಿಕೆ ತೆಗೆದು ಒಳಗಣದನ್ನು ಈಥರ್ನೆಟ್ಟಿಗೆ ಬಿಡುವುದು. ಒಳಗಿರುವುದು ಟೆಲ್ನೆಟ್ಟೇ, ಅಂಚೆಯೇ, ಮುಂದೆ ಹುಟ್ಟಲಿರುವ ಮತ್ತೇನಾದರೂ ಒಂದೇ, ಹೆಬ್ಬಾಗಿಲು ತಿಳಿಯಬೇಕಾಗಿಲ್ಲ. ೧೯೮೦ರ ದಶಕದ ಮಧ್ಯದಲ್ಲಿ ರಚಿತವಾದ ಈ ಪದ್ಧತಿಯ ಮೂಲಕ ೧೯೯೦ರ ದಶಕದ ವರ್ಲ್ಡ್ ವೈಡ್ ವೆಬ್ಬು ಯಾವ ಹೊಸ ಏರ್ಪಾಡೂ ಇಲ್ಲದೆ ಹಾದುಹೋಗಲು ಸಾಧ್ಯವಾದದ್ದು ಇದರಿಂದಲೇ. ಆರ್ಪಾನೆಟ್ಟಿನ ದುಭಾಷಿಗಳಿಗೆ ಇದು ಅಸಾಧ್ಯವಾಗಿದ್ದ ಕಾರ್ಯ.

ಇಲ್ಲಿ ಗಾತ್ರದ ಒಂದು ಸೂಕ್ಷ್ಮವುಂಟು. ಡಿ.ಡಿ.ಪಿ. ಪೊಟ್ಟಣವು ಹೊರಬಲ್ಲ ಅತ್ಯಧಿಕ ಭಾರವು ೫೮೬ ಬೈಟುಗಳು. ಪ್ರತಿಯೊಂದು ಯಂತ್ರವೂ ಕನಿಷ್ಠಪಕ್ಷ ೫೭೬ ಬೈಟುಗಳ ಪೊಟ್ಟಣವನ್ನು ಸ್ವೀಕರಿಸಬಲ್ಲುದಾಗಿರಬೇಕೆಂದು ಆರ್.ಎಫ್.ಸಿ. ೭೯೧ ವಿಧಿಸಿದೆ. ಹತ್ತು ಬೈಟುಗಳ ಅಂತರದಲ್ಲಿ ಹೊಸದು ಹಳೆಯದರ ಹೊಟ್ಟೆಯೊಳಗೆ ಹಿಡಿಸಿತು! ಇದು ಬುದ್ಧಿಪೂರ್ವಕವಾದ ಹೊಂದಾಣಿಕೆಯೆಂದು ಹೇಳಲು ಆಧಾರವಿಲ್ಲ. ಆದರೂ ಹಿಡಿಸದೆ ಹೋಗಿದ್ದರೆ ಹೆಬ್ಬಾಗಿಲು ಇಷ್ಟು ಸರಳವಾಗಿರುತ್ತಿರಲಿಲ್ಲವೆಂಬುದು ನಿಶ್ಚಯ. ಈಥರ್ನೆಟ್ಟಿನ ಪೊಟ್ಟಣವು ೧೫೦೦ ಬೈಟುಗಳಷ್ಟು ದೊಡ್ಡದಿರಬಹುದಾದ್ದರಿಂದ ಹೊರಗಿನಿಂದ ಬಂದುದನ್ನು ಹೆಬ್ಬಾಗಿಲು ತುಂಡರಿಸಬೇಕಾಗುತ್ತದೆ. ‘ತುಂಡರಿಸಕೂಡದು’ ಎಂಬ ಗುರುತಿದ್ದರೆ ಕಳುಹಿಸಿದವನಿಗೆ ಅದನ್ನು ತಿಳಿಸಿ ಹಿಂದಿರುಗಿಸಬೇಕಾಗುತ್ತದೆ. ನಡುದಾರಿಯ ಯಾವನಾದರೂ ಕಾವಲುಗಾರನು ಈ ತಿಳಿವಳಿಕೆಪತ್ರವನ್ನು ತಡೆದುಬಿಟ್ಟರೆ, ಚಿಕ್ಕ ಓಲೆಗಳು ತಲಪುತ್ತವೆ, ದೊಡ್ಡವು ಮಾಯವಾಗುತ್ತವೆ. ಹೆಬ್ಬಾಗಿಲನ್ನು ನಡಸುವವರು ಇಂದಿಗೂ ತಲೆಕೆಡಿಸಿಕೊಳ್ಳುವ ತೊಡಕುಗಳಲ್ಲಿ ಇದೊಂದು.

ಹೊದಿಕೆಯು ಎರಡು ಕಡೆಗೂ ನಡೆಯತಕ್ಕದ್ದೆಂಬುದನ್ನೂ ಹೇಳಬೇಕು. ಕೆ.ಐ.ಪಿ.ಯು ಆಪಲ್‌ಟಾಕಿನ ಪೊಟ್ಟಣವನ್ನು ಐಪಿಯ ಯು.ಡಿ.ಪಿ. ಪೊಟ್ಟಣದೊಳಗಿಟ್ಟು ಯೂನಿಕ್ಸ್ ಯಂತ್ರಗಳಿಗೆ ಒಯ್ಯುತ್ತಿತ್ತು. ಕೊಲಂಬಿಯ ವಿಶ್ವವಿದ್ಯಾನಿಲಯದ ‘ಕ್ಯಾಪ್’ ಎಂಬ ಕ್ರಮವಿಧಿಸಂಪುಟವು ಅದನ್ನು ಬಿಚ್ಚಿ ಮ್ಯಾಕಿಂಟಾಷ್‌ಗಳಿಗೆ ಕಡತಗಳ ಸೇವೆಯನ್ನೂ ಮುದ್ರಣಸೇವೆಯನ್ನೂ ಒದಗಿಸುತ್ತಿತ್ತು. ೧೯೯೩ರ ಆಗಸ್ಟಿನ ಆರ್.ಎಫ್.ಸಿ. ೧೫೦೪ರಲ್ಲಿ ವಿವರಿಸಿರುವ ಎ.ಯು.ಆರ್.ಪಿ. ಪದ್ಧತಿಯು ದೂರದೂರದ ಆಪಲ್‌ಟಾಕ್ ಜಾಲಗಳನ್ನು ಇಂಟರ್ನೆಟ್ಟಿನ ಮೂಲಕ ಕೂಡಿಸಿದ್ದೂ ಇದೇ ತತ್ತ್ವದ ಮೇಲೆ. ಯಾವುದು ಲಕೋಟೆ, ಯಾವುದು ಓಲೆ ಎಂಬುದು ಹೋಗುವ ದಿಕ್ಕನ್ನು ಅವಲಂಬಿಸಿತ್ತು.

ಆಪಲ್ ಸಂಸ್ಥೆಯೇ ೧೯೮೮ರಲ್ಲಿ ಮ್ಯಾಕ್‌ಟಿಸಿಪಿಯನ್ನು ಹೊರಡಿಸಿದಾಗ, ವಿಳಾಸವನ್ನು ಹೆಬ್ಬಾಗಿಲಿನಿಂದ ಪಡೆಯುವ ಈ ರೀತಿಯನ್ನು ಅದರಲ್ಲಿ ಸೇರಿಸಿಕೊಂಡಿತು. ಅಲ್ಲಿಗೆ ಒಂದು ವಿಶ್ವವಿದ್ಯಾನಿಲಯದ ಉಪಾಯವು ಮ್ಯಾಕಿಂಟಾಷ್ ಪ್ರಪಂಚಕ್ಕೆಲ್ಲ ಸಾಮಾನ್ಯವಾಯಿತು. ಆಶ್ಚರ್ಯವೆಂದರೆ, ಇಷ್ಟೊಂದು ಪ್ರಚಾರದಲ್ಲಿದ್ದ ಮ್ಯಾಕ್‌ಐಪಿಯನ್ನು ವಿವರಿಸುವ ಬರೆಹವು ಕರಡಾಗಿಯೇ ಉಳಿಯಿತು, ಆರ್.ಎಫ್.ಸಿ. ಎಂಬ ಅಂಕಿತವು ಅದಕ್ಕೆ ದೊರೆಯಲಿಲ್ಲ. ಮೂಲಪ್ರತಿ ಅಧಿಕೃತವಾಗಿ ಮುದ್ರಿತವಾಗದಿದ್ದರೆ ಆಗುವ ಅನರ್ಥವನ್ನು ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ನಾವು ಹೇಳಬೇಕಾಗಿಲ್ಲ. ಮುಂದಿನವರು ನಿಯಮವನ್ನು ಶಾಸ್ತ್ರದಿಂದಲ್ಲ, ನಡೆಯುತ್ತಿರುವ ಕ್ರಮವಿಧಿಗಳ ಮೂಲಪಾಠವನ್ನು ಓದಿಯೇ ಬಹುಮಟ್ಟಿಗೆ ಕಲಿಯಬೇಕಾಯಿತು. ೧೯೯೭ರಲ್ಲಿ ಸ್ಟೆಫಾನ್ ಬೆಟ್ಕೆ ಎಂಬವರು ಬರೆದ ‘ಮ್ಯಾಕ್‌ಐಪಿಜಿಡಬ್ಲ್ಯೂ’ ಎಂಬ ಚಿಕ್ಕ ಕ್ರಮವಿಧಿಯ ಮಹತ್ತ್ವವಿರುವುದು ಈ ಕಾರಣದಿಂದ. ಪ್ರತ್ಯೇಕ ಪೆಟ್ಟಿಗೆಯೇ ಬೇಕಾಗಿದ್ದ ಹೆಬ್ಬಾಗಿಲು ಇದರಿಂದ ಸಾಮಾನ್ಯ ಯೂನಿಕ್ಸ್ ಯಂತ್ರದೊಳಗಿನ ಒಂದು ಕೆಲಸವಾಯಿತು.

ಅಷ್ಟರಲ್ಲಿ ಕಾಲವು ತಿರುಗಿತ್ತು. ಹೊಸ ಮ್ಯಾಕಿಂಟಾಷ್‌ಗಳು ನೇರವಾಗಿ ಈಥರ್ನೆಟ್ಟಿಗೆ ಸೇರತೊಡಗಿದುವು. ೨೦೦೯ರಲ್ಲಿ ಆಪಲ್ ತನ್ನ ಮ್ಯಾಕ್ ಓಎಸ್ ಎಕ್ಸ್ ೧೦.೬ರಿಂದ ಆಪಲ್‌ಟಾಕನ್ನು ತೆಗೆದುಹಾಕಿತು. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ, ಯೂನಿಕ್ಸಿಗೆ ಆಪಲ್‌ಟಾಕನ್ನು ಕಲಿಸಿದ್ದ ನೆಟ್‌ಎಟಾಕ್ ಕೂಡ ೨೦೧೨ರ ತನ್ನ ೩.೦ನೆಯ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟಿತು. ಹಳೆಯ ಯಂತ್ರಗಳನ್ನಿಟ್ಟುಕೊಂಡವರು ಹಳೆಯ ಆವೃತ್ತಿಗಳಿಗೆ ತೇಪೆ ಹಾಕಿಕೊಂಡು ಸುಮಾರು ಹನ್ನೆರಡು ವರ್ಷ ನಡಸಿದರು. ೨೦೨೪ರಲ್ಲಿ ನೆಟ್‌ಎಟಾಕ್ ೪.೦ ಆಪಲ್‌ಟಾಕನ್ನು ಮತ್ತೆ ಒಳಕ್ಕೆ ಕರೆದುಕೊಂಡಿತು. ತಯಾರಕನೇ ಮರೆತ ಭಾಷೆಯನ್ನು ಹೆಬ್ಬಾಗಿಲನ್ನು ಕಾಯುವವರು ಉಳಿಸಿದರೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಇದನ್ನು ಉಳಿಸಿ ಪ್ರಯೋಜನವೇನೆಂದು ಸಾಹಿತ್ಯದ ಅಧ್ಯಾಪಕರು ಕೇಳಬಹುದು. ೧೯೮೦, ೧೯೯೦ರ ದಶಕಗಳ ಲೇಖಕರು ಅನೇಕರು ಈ ಯಂತ್ರಗಳಲ್ಲಿಯೇ ಬರೆದರು. ಅವರ ಕರಡುಗಳು ಈ ಯಂತ್ರಗಳ ತಟ್ಟೆಗಳಲ್ಲಿಯೇ ಇವೆ. ಸಲ್ಮಾನ್ ರಷ್ದಿಯವರ ಮ್ಯಾಕಿಂಟಾಷ್‌ಗಳು ಅಮೆರಿಕದ ಎಮರಿ ವಿಶ್ವವಿದ್ಯಾನಿಲಯದ ಭಂಡಾರವನ್ನು ಸೇರಿದುವು. ಅವುಗಳಲ್ಲೊಂದನ್ನು ೨೦೧೦ರಲ್ಲಿ, ಹೊಸ ಯಂತ್ರದೊಳಗೆ ಹಳೆಯದನ್ನು ಅನುಕರಿಸುವ ಕ್ರಮದಿಂದ, ಸಂಶೋಧಕರಿಗೆ ತೆರೆದಿಟ್ಟರು. ಅದು ಸಂಪನ್ನವಾದ ಸಂಸ್ಥೆಗೆ ಸಾಧ್ಯವಾದ ಮಾರ್ಗ. ಯಂತ್ರವು ಇನ್ನೂ ಜೀವದಿಂದಿದ್ದರೆ ಹೆಬ್ಬಾಗಿಲಿನ ಮೂಲಕ ಕಡತಗಳನ್ನು ಹೊರತರುವುದು ಬಡವರ ಮಾರ್ಗ. ಆದರೆ ಇಲ್ಲಿಯೂ ಎಚ್ಚರ ಬೇಕು. ಹಳೆಯ ಮ್ಯಾಕಿಂಟಾಷಿನ ಕಡತಕ್ಕೆ ದತ್ತಭಾಗ, ಸಂಪನ್ಮೂಲಭಾಗ ಎಂಬ ಎರಡು ಕವಲುಗಳುಂಟು. ಅದನ್ನು ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಒಂದು ಕವಲು ಹಿಂದೆಯೇ ಉಳಿದುಹೋಗುವುದು. ಅಕ್ಷರವಿನ್ಯಾಸವೇ ಮುಂತಾದುವು ಕೆಲವು ಕಡತಗಳಲ್ಲಿ ಆ ಕವಲಿನಲ್ಲಿಯೇ ಇರುವುವು. ಎರಡನ್ನೂ ಒಂದೇ ಕಟ್ಟಾಗಿ ಕಟ್ಟಲು ೧೯೮೫ರಲ್ಲಿ ಮ್ಯಾಕ್‌ಬೈನರಿ ಎಂಬ ರೂಪವು ಹುಟ್ಟಿತು. ಇದೂ ಒಂದು ಲಕೋಟೆಯೇ. ಹೆಬ್ಬಾಗಿಲು ಒಪ್ಪಿಸಿದ್ದನ್ನು ಒಯ್ಯಬಲ್ಲುದು. ಒಪ್ಪಿಸುವವನು ಅರ್ಧವನ್ನು ಮಾತ್ರ ಒಪ್ಪಿಸಿದರೆ ಅದರ ದೋಷವೇನು?

ಈಗ ಇಂಥ ಹೆಬ್ಬಾಗಿಲನ್ನು ನಡಸುವುದು ಹೇಗೆಂಬುದನ್ನು ಚಿಕ್ಕದಾಗಿ ತಿಳಿಸುತ್ತೇವೆ. ೧೯೮೬ರ ಮ್ಯಾಕಿಂಟಾಷ್ ಪ್ಲಸ್ಸಿನಂಥ ಯಂತ್ರಕ್ಕೆ ಲೋಕಲ್‌ಟಾಕ್ ರಂಧ್ರ ಮಾತ್ರವಿರುವುದರಿಂದ ಅದನ್ನು ಈಥರ್ನೆಟ್ಟಿಗೆ ಸೇರಿಸಲು ಅಸಾಂಟೆಟಾಕಿನಂಥ ಸೇತುವೆಪೆಟ್ಟಿಗೆ ಬೇಕು. ಸೇತುವೆಯೇ ಹೆಬ್ಬಾಗಿಲೆಂದು ಭ್ರಮಿಸುವವರು ಬಹಳ. ಅದು ಆಪಲ್‌ಟಾಕನ್ನು ಒಂದು ತಂತಿಯಿಂದ ಮತ್ತೊಂದು ತಂತಿಗೆ ದಾಟಿಸುವುದೇ ಹೊರತು ಐಪಿಯ ಹೊದಿಕೆಯನ್ನು ಬಿಚ್ಚುವುದಿಲ್ಲ. ಬಿಚ್ಚುವುದಕ್ಕೆ ನೆಟ್‌ಎಟಾಕ್, ಮ್ಯಾಕ್‌ಐಪಿಜಿಡಬ್ಲ್ಯೂ ಎರಡನ್ನೂ ನಡಸುವ ಒಂದು ಚಿಕ್ಕ ಯೂನಿಕ್ಸ್ ಯಂತ್ರವಿರಬೇಕು. ಆಪಲ್‌ಟಾಕ್ ಸೇವೆಯು ಎದ್ದು ನೆಲೆಗೊಳ್ಳಲು ಸ್ವಲ್ಪ ಹೊತ್ತು ಹಿಡಿಯುವುದರಿಂದ ಹೆಬ್ಬಾಗಿಲನ್ನು ಅದರ ಅನಂತರವೇ ತೆರೆಯಬೇಕು. ಹಳೆಯ ಯಂತ್ರಗಳಿಗೆ ಮೀಸಲಾದ ಖಾಸಗಿ ವಿಳಾಸಗಳ ಒಂದು ಗುಂಪನ್ನು ಕೊಟ್ಟು, ಪೊಟ್ಟಣಗಳನ್ನು ಮುಂದಕ್ಕೆ ಸಾಗಿಸಲು ಯಂತ್ರಕ್ಕೆ ಅನುಮತಿಯಿತ್ತು, ಹೊರಗೆ ಹೋಗುವಾಗ ವಿಳಾಸವನ್ನು ಮರೆಮಾಡತಕ್ಕದ್ದು. ಅನುಮತಿಯನ್ನು ಮರೆತರೆ ಮ್ಯಾಕಿಂಟಾಷಿಗೆ ವಿಳಾಸವೇನೋ ದೊರೆಯುವುದು, ಕೂಗಿಗೆ ಉತ್ತರ ಮಾತ್ರ ಬಾರದು. ಮರೆಮಾಡುವುದು ಸೌಕರ್ಯಕ್ಕಾಗಿ ಮಾತ್ರವಲ್ಲ. ಕಳ್ಳಕಾಕರನ್ನು ಕಾಣದ ಕಾಲದಲ್ಲಿ ಹುಟ್ಟಿದ ಈ ಯಂತ್ರಗಳನ್ನು ಬಯಲಿಗೆ ತಂದು ನಿಲ್ಲಿಸುವುದು ಸರಿಯಲ್ಲ.

ಇಷ್ಟಾದರೂ ಹಳೆಯ ಯಂತ್ರವು ಇಂದಿನ ಪುಟಗಳನ್ನು ಓದಲಾರದು. ಈಗಿನ ವೆಬ್ಬು ಬಹುತೇಕ ಗೂಢಲಿಪಿಯಲ್ಲಿ ನಡೆಯುತ್ತದೆ. ೨೦೨೧ರ ಮಾರ್ಚಿಯಲ್ಲಿ ಹೊರಟ ಆರ್.ಎಫ್.ಸಿ. ೮೯೯೬ರ ಪ್ರಕಾರ ಟಿ.ಎಲ್.ಎಸ್.ನ ೧.೦, ೧.೧ನೆಯ ಆವೃತ್ತಿಗಳೂ ತ್ಯಾಜ್ಯವಾದುವು. ಮ್ಯಾಕಿಂಟಾಷ್ ಪ್ಲಸ್ಸು ಇವುಗಳ ಹೆಸರನ್ನೇ ಕೇಳಿದ್ದಲ್ಲ. ಆದ್ದರಿಂದ ಹೆಬ್ಬಾಗಿಲಿನ ಪಕ್ಕದಲ್ಲಿ ಪ್ರಾಕ್ಸಿ ಎಂಬ ಮತ್ತೊಂದು ಕ್ರಮವಿಧಿಯನ್ನು ಕೂರಿಸುವುದುಂಟು. ಅದು ಹಳೆಯ ಯಂತ್ರದ ಪರವಾಗಿ ಗೂಢಲಿಪಿಯಲ್ಲಿ ವ್ಯವಹರಿಸಿ, ಪುಟವನ್ನು ಬಿಡಿಸಿ, ಹಳೆಯ ಬ್ರೌಸರಿಗೆ ಅರ್ಥವಾಗುವಂತೆ ಸರಳಗೊಳಿಸಿ ಕೊಡುವುದು. ಇವನು ಮಾತ್ರ ನಿಜವಾಗಿ ದುಭಾಷಿ. ಓಲೆಕಾರನಿಗೂ ಇವನಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಓಲೆಕಾರನು ಓಲೆಯನ್ನು ಓದದೆ ಒಯ್ಯಬಲ್ಲನು. ದುಭಾಷಿಯು ಓದದೆ ಒಂದು ಹೆಜ್ಜೆಯನ್ನೂ ಇಡಲಾರನು. ಗುಟ್ಟಿನ ಮಾತುಗಳೂ ಪ್ರವೇಶಪದಗಳೂ ಅವನ ಕಣ್ಣಮುಂದೆ ಬೆತ್ತಲೆಯಾಗಿ ಹಾಯುವುವು. ಅವನಿಂದ ಮ್ಯಾಕಿಂಟಾಷಿನವರೆಗೆ ತಂತಿಯಲ್ಲಿ ಹೋಗುವುದೂ ಬೆತ್ತಲೆಯೇ. ಪ್ರಾಕ್ಸಿಯನ್ನು ಸ್ವಂತ ಮನೆಯೊಳಗೆ, ಸ್ವಂತ ಕಾವಲಿನಲ್ಲಿ ಮಾತ್ರ ಇಡತಕ್ಕದ್ದೆಂದೂ, ಬ್ಯಾಂಕಿನ ವ್ಯವಹಾರವೇ ಮೊದಲಾದುವುಗಳನ್ನು ಅದರ ಮೂಲಕ ನಡಸಕೂಡದೆಂದೂ ನಮ್ಮ ಅಭಿಪ್ರಾಯ. ಹೊಸ ಹೊಸ ರೀತಿಯ ಪುಟಗಳು ಬಂದ ಹಾಗೆಲ್ಲ ಪ್ರಾಕ್ಸಿಯನ್ನು ತಿದ್ದುತ್ತಲೇ ಇರಬೇಕಾಗಿದೆ, ಆರ್ಪಾನೆಟ್ಟಿನ ಮಧ್ಯಸ್ಥರಿಗೆ ಒಂದೊಂದು ಸೇವೆಗೂ ಬೇರೆ ಏರ್ಪಾಡು ಬೇಕಾಗಿದ್ದಂತೆ. ಅದರ ಪಕ್ಕದಲ್ಲಿಯೇ ಇರುವ ಹೆಬ್ಬಾಗಿಲು ಇಂದಿಗೂ ಐಪಿಗೇಟ್‌ವೇ ಎಂಬ ಹಳೆಯ ಹೆಸರನ್ನೇ ಸಾರುತ್ತ, ೭೨ನೆಯ ಸಾಕೆಟ್ಟಿನಲ್ಲಿ ಕಿವಿಗೊಟ್ಟು, ೨೨ನೆಯ ಬಗೆಯ ಪೊಟ್ಟಣಗಳನ್ನು ಬಿಚ್ಚಿ ಕಟ್ಟುತ್ತಿದೆ.